ಇಬ್ಬರು ಡಾಕ್ಟರು, ಒಂದು ಕಟ್ಟು ಸೊಪ್ಪು

ಲಕ್ಷ್ಮಿದೇವಮ್ಮ ಬಿದ್ದಿರಲಿಲ್ಲ, ಜಾರಿರಲಿಲ್ಲ. ಆರ್‌ಪಿಸಿ ಲೇಔಟಿನ ಮನೆಯಲ್ಲಿ ನೀರಿನ ಬಕೆಟ್ ಎತ್ತಿದರು, ಬೆನ್ನಲ್ಲಿ ಏನೋ ಲಟಕ್ಕೆಂದಿತು. ಉಳುಕಿರಬೇಕೆಂದು ಮೂರು ದಿನ ಎಣ್ಣೆ ತಿಕ್ಕಿಸಿಕೊಂಡರು. ಕೊನೆಗೆ ಎಕ್ಸ್‌ರೇ ತೆಗೆಸಿದರೆ ಬೆನ್ನುಮೂಳೆಯ ಒಂದು ಮಣಿ ಕುಸಿದಿತ್ತು; ಮೂಳೆ ಸ್ಕ್ಯಾನೂ ಆಯಿತು.

"ಆಸ್ಟಿಯೊಪೊರೋಸಿಸ್ ಅಮ್ಮ. ಮೂಳೆ ಒಳಗೇ ಟೊಳ್ಳಾಗಿದೆ," ಅಂದರು ಮೂಳೆ ಡಾಕ್ಟರ್ ನಾಗಭೂಷಣ್. "ಸೊಪ್ಪು ಚೆನ್ನಾಗಿ ತಿನ್ನಿ. ದಿನಾ ನಡೀರಿ. ವರ್ಷಕ್ಕೊಂದು ಇಂಜೆಕ್ಷನ್ ಇದೆ, ಹಾಕ್ಸೋಣ."

ಕೆಂಗೇರಿ ಬಸ್ಸಿನಲ್ಲಿ ಇಪ್ಪತ್ತೆಂಟು ವರ್ಷ ಕಂಡಕ್ಟರಾಗಿ, ಕಂಬಿ ಹಿಡಿಯದೆ ನಿಂತು ಟಿಕೆಟ್ ಹರಿದ ಹೆಂಗಸು. ಈಗ ಅರವತ್ತೆಂಟು. ಹೇಳಿದ್ದನ್ನು ಚಾಚೂ ತಪ್ಪದೆ ಮಾಡುವುದು ಅವರ ಜಾಯಮಾನ. ದಂಟು, ಪಾಲಕ್, ನುಗ್ಗೆ ಎಂದು ದಿನಕ್ಕೆರಡು ಹೊತ್ತು ಸೊಪ್ಪು ತಿಂದರು.

ಮೂರು ವರ್ಷದಿಂದ ಅವರ ಎದೆಬಡಿತವೂ ತಾಳ ತಪ್ಪಿತ್ತು. ರಕ್ತ ಹೆಪ್ಪುಗಟ್ಟದಂತೆ ಮಾತ್ರೆ, ತಿಂಗಳಿಗೊಮ್ಮೆ ರಕ್ತ ಪರೀಕ್ಷೆ. ಆ ತಿಂಗಳ ವರದಿ ನೋಡಿ ಹೃದಯದ ಡಾಕ್ಟರ್ ಸೌಮ್ಯಶ್ರೀ ಹೌಹಾರಿದರು.

"ಏನ್ ತಿಂದ್ರಿ? ಮಾತ್ರೆ ಕೆಲಸಾನೇ ಮಾಡಿಲ್ಲ! ಸೊಪ್ಪಿನಲ್ಲಿರೋ ವಿಟಮಿನ್ ಕೆ ಈ ಮಾತ್ರೆಗೆ ಅಡ್ಡ ಬರತ್ತೆ, ಇದ್ದಕ್ಕಿದ್ದಂಗೆ ಜಾಸ್ತಿ ಮಾಡ್ಬಾರ್ದು. ಬೀಳ್ಲೂಬಾರ್ದು, ಈ ಮಾತ್ರೆ ತಗೊಳ್ಳೋರಿಗೆ ತಲೆಗೆ ಪೆಟ್ಟಾದ್ರೆ ರಕ್ತ ನಿಲ್ಲಲ್ಲ."

"ನಡೀಬೇಕು ಅಂತಾರಲ್ಲ ಮೂಳೆ ಡಾಕ್ಟ್ರು?"

"ಅವರನ್ನೇ ಕೇಳಿ."

"ಆ ಇಂಜೆಕ್ಷನ್ನು?"

"ಅದ್ರಿಂದ ಬಡಿತ ಕೆಡಬಹುದು ಅಂತಾರೆ. ಅವರನ್ನ ಕೇಳಿ."

ನಾಗಭೂಷಣ್ ಅವರನ್ನು ಕೇಳಿದರೆ, "ಹಾರ್ಟ್ ವಿಷಯ, ಮೇಡಮ್ಮನ್ನ ಕೇಳಿ," ಅಂದರು. ಎರಡು ತಿಂಗಳು ಹೀಗೇ ಅಲೆದಾಟ. ಬೀಳುವ ಭಯಕ್ಕೆ ಲಕ್ಷ್ಮಿದೇವಮ್ಮ ಡಾಕ್ಟರ ಬಳಿಗಲ್ಲದೆ ಗೇಟು ದಾಟುವುದನ್ನೇ ಬಿಟ್ಟರು. ಮಗಳು ಕೀರ್ತನಾ ಕೋಲು ತಂದಾಗ ಅದನ್ನು ಮೂಲೆಗೆಸೆದರು.

"ಯಾರ ಮೇಲಮ್ಮಾ ಸಿಟ್ಟು?"

"ನನ್ ಮೈ ಮೇಲೇ ಕಣೇ! ಒಂದಕ್ಕೆ ಹಾಕಿದ್ ಔಷಧಿ ಇನ್ನೊಂದಕ್ಕೆ ಆಗಲ್ಲ ಅನ್ನತ್ತೆ."

ಮುಂದಿನ ಸಲ ಸೌಮ್ಯಶ್ರೀ ಮತ್ತೆ "ಅವರನ್ನ ಕೇಳಿ" ಅಂದಾಗ ಲಕ್ಷ್ಮಿದೇವಮ್ಮ ಕುರ್ಚಿಯಿಂದ ಏಳಲಿಲ್ಲ. ನಾಗಭೂಷಣ್ ಅವರಿಗೆ ಫೋನ್ ಮಾಡಿ, ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟರು.

"ಸಾರ್, ಮೇಡಮ್ಮು ಇಲ್ಲೇ ಇದಾರೆ. ಇಬ್ರೂ ಮಾತಾಡ್ಕೊಳ್ಳಿ. ನಾನು ನಿಮ್ಮಿಬ್ಬರ ಪೋಸ್ಟ್‌ಮ್ಯಾನ್ ಅಲ್ಲ."

ಸೌಮ್ಯಶ್ರೀ ಮುಖ ಕೆಂಪಾಯಿತು. ಆದರೂ ಮಾತಾಡಿದರು. ಹೆಚ್ಚೆಂದರೆ ಆರು ನಿಮಿಷ. ಇಂಜೆಕ್ಷನ್ ಬೇಡ, ಮೂಳೆಗೆ ವಾರಕ್ಕೊಂದು ಮಾತ್ರೆ ಸಾಕು. ಸೊಪ್ಪು ಬಿಡಬೇಕಿಲ್ಲ, ದಿನಾ ಒಂದೇ ಅಳತೆ. ಬೀಳದಂತೆ ಸಮತೋಲ ಕಾಯುವ ವ್ಯಾಯಾಮ ಕಲಿಯಬೇಕು, ಹೊರಗೆ ಕೋಲು ಬೇಕೇ ಬೇಕು.

"ಎರಡು ತಿಂಗಳು ಅಲೆಸಿದ್ದು ಇಷ್ಟಕ್ಕಾ?" ಎಂದರು ಲಕ್ಷ್ಮಿದೇವಮ್ಮ.

ವಾರಕ್ಕೊಮ್ಮೆಯ ಆ ಮಾತ್ರೆಯೂ ಒಂದು ಕಾಟವೇ. ಬರಿ ಹೊಟ್ಟೆಯಲ್ಲಿ ನುಂಗಿ, ಕಾಫಿಯಿಲ್ಲದೆ ಅರ್ಧ ಗಂಟೆ ನೆಟ್ಟಗೆ ಕೂರಬೇಕು. ಪ್ರತಿ ಭಾನುವಾರ ಗೋಡೆ ಗಡಿಯಾರವನ್ನು ಬೈಯುತ್ತಾ ಕೂತರು, ಆದರೆ ಒಂದು ವಾರವೂ ತಪ್ಪಿಸಲಿಲ್ಲ.

ವರ್ಷ ಕಳೆದ ಮೇಲೆ ಮತ್ತೆ ಮೂಳೆ ಸ್ಕ್ಯಾನ್ ಆಯಿತು. "ಹೋದ್ ವರ್ಷ ಇದ್ದಂಗೇ ಇದೆ. ಗುಡ್ ನ್ಯೂಸ್!" ಎಂದರು ನಾಗಭೂಷಣ್.

"ಇಷ್ಟೆಲ್ಲಾ ಮಾಡಿ ಇದ್ದಂಗೇ ಇದ್ರೆ ಅದು ಗುಡ್ ನ್ಯೂಸಾ ಸಾರ್?"

"ಹೌದಮ್ಮ. ಇನ್ನಷ್ಟು ಕುಸಿದಿಲ್ಲವಲ್ಲ."

ಅವರಿಗೆ ಸಮಾಧಾನವಾಗಲಿಲ್ಲ. ವರದಿಯನ್ನು ಮಡಚಿ ಬ್ಯಾಗಿಗೆ ತುರುಕಿ, ಮುಂದಿನ ತಾರೀಖು ಬರೆಸಿಕೊಂಡು ಎದ್ದರು.