ಆಕಾಶದ ಮೂಲೆಯ ಬೆರಳು

ನಮ್ಮ ರಸ್ತೆಯ ಸ್ಟುಡಿಯೋ ಯಜಮಾನರನ್ನು ಎಲ್ಲರೂ ಮೋಡಣ್ಣ ಅಂತಲೇ ಕರೆಯುತ್ತಿದ್ದರು. ಹೆತ್ತವರಿಟ್ಟ ಹೆಸರು ಕರೆಂಟ್ ಬಿಲ್ಲಿಗೆ ಮಾತ್ರ ಉಪಯೋಗಕ್ಕೆ ಬರುತ್ತಿತ್ತು. ಫೋಟೋದಲ್ಲಿ ಆಕಾಶ ಸಪ್ಪಗಿದ್ದರೆ ಕಂಪ್ಯೂಟರಿನಲ್ಲಿ ಅದನ್ನು ಕತ್ತರಿಸಿ ಬಿಸಾಕಿ, ಮೋಡ ತೇಲುವ ಹೊಸ ಆಕಾಶ ಕೂರಿಸುವುದರಲ್ಲಿ ಅವರದು ಎತ್ತಿದ ಕೈ. ಕಷ್ಟವೆಲ್ಲ ಕೂದಲಿನ ಹತ್ತಿರ. ಒಂದೊಂದು ಎಳೆಯ ಸಂದಿನಿಂದಲೂ ಹಳೆಯ ಆಕಾಶವನ್ನು ಹೆಕ್ಕಿ ತೆಗೆಯಬೇಕು. ಹಾಗಾಗಿ ಬೋಳುತಲೆಯವರು ಬಂದರೆ ಎದ್ದು ನಿಂತು ಕುರ್ಚಿ ಕೊಡುತ್ತಿದ್ದರು. ನನ್ನಂಥವರಿಗೆ ಅಲ್ಲಿ ಸಿಗುತ್ತಿದ್ದ ಮರ್ಯಾದೆಯ ಗುಟ್ಟು ಬಹಳ ತಡವಾಗಿ ತಿಳಿಯಿತು.

ಆ ಹೊಸ ಆಕಾಶಗಳೆಲ್ಲ ಅವರ ಹೆಂಡತಿ ತೆಗೆದವು. ಕೆಳಗೆ ಸ್ಟುಡಿಯೋ, ಮೇಲೆ ಮನೆ, ಅದರ ಮೇಲೆ ತಾರಸಿ. ಮೋಡಣ್ಣನ ಮೊಣಕಾಲು ಅಷ್ಟು ಮೆಟ್ಟಿಲಿಗೆ ಒಪ್ಪುತ್ತಿರಲಿಲ್ಲ. ಬಟ್ಟೆ ಒಣಹಾಕಲು ಹೋಗುವಾಗ ಆಕೆಯೇ ಹಳೆಯ ಪುಟ್ಟ ಕ್ಯಾಮೆರಾ ಕೊರಳಿಗೆ ನೇತುಹಾಕಿಕೊಂಡು ಹೋಗಿ, ಕ್ಲಿಪ್ಪು ಸಿಕ್ಕಿಸುವುದರ ನಡುವೆ ಎರಡು ಮೂರು ಆಕಾಶ ತೆಗೆದು ತರುತ್ತಿದ್ದರು. ಪ್ರತಿ ಸಲವೂ ಮೇಲಿನ ಮೂಲೆಯಲ್ಲಿ ಎಡಗೈಯ ತೋರುಬೆರಳು ಅಡ್ಡ ಬಂದಿರುತ್ತಿತ್ತು. ಬಿಸಿಲು ಹಾಯ್ದು ಕೆಂಪಗೆ, ಮಬ್ಬಾಗಿ.

"ಆಕಾಶ ತೆಗಿ ಅಂದ್ರೆ ಬೆರಳು ತೆಗೆದುಕೊಂಡು ಬರ್ತೀಯಲ್ಲೇ."

"ಬೆರಳು ಮನೇಲಿಟ್ಟು ಹೋಗೋಕಾಗುತ್ತಾ? ಅಷ್ಟು ದೊಡ್ಡ ಆಕಾಶಕ್ಕೆ ನನ್ನ ಒಂದು ಬೆರಳು ಭಾರ ಆಯ್ತಾ?"

"ಗಿರಾಕಿ ಕೇಳ್ತಾರೆ, ಇದು ಯಾರದ್ದು ಅಂತ."

"ದೇವರದು ಅನ್ನಿ. ಇನ್ನೊಂದು ಪ್ರಿಂಟ್ ತಗೊಳ್ತಾರೆ."

ಮೋಡಣ್ಣ ಮುಖ ಗಂಟಿಕ್ಕಿಕೊಂಡು, ಪಕ್ಕದ ನೀಲಿಯನ್ನು ಎಳೆದು ತಂದು ಬೆರಳಿನ ಮೇಲೆ ಮುಚ್ಚಿ, ಹಳೆಯ ಚಿತ್ರದ ಮೇಲೆಯೇ ಸೇವ್ ಮಾಡಿಬಿಡುತ್ತಿದ್ದರು. ಒಂದು ಆಕಾಶಕ್ಕೆ ಎರಡು ಪ್ರತಿ ಯಾಕೆ, ಸುಮ್ಮನೆ ಜಾಗ ದಂಡ ಎನ್ನುವುದು ಅವರ ಸಿದ್ಧಾಂತ.

ಹೋದ ವರ್ಷ ಹೆಂಡತಿ ತೀರಿಕೊಂಡರು. ಎರಡು ದಿನ ಜ್ವರ, ಮೂರನೆಯ ದಿನ ಆಸ್ಪತ್ರೆ, ನಾಲ್ಕನೆಯ ದಿನ ಬಾಗಿಲ ಬಳಿ ಆಕೆಯ ಚಪ್ಪಲಿ ಮಾತ್ರ. ಗೋಡೆಗೆ ಹಾಕುವ ಫೋಟೋವನ್ನು ಮೋಡಣ್ಣ ತಾವೇ ಕೂತು ತಿದ್ದಿದರು. ಕಣ್ಣ ಕೆಳಗಿನ ಕಪ್ಪು ಹೋಯಿತು, ಹಣೆಯ ಗೆರೆ ಹೋಯಿತು, ಕೆನ್ನೆಯ ಮಚ್ಚೆಯೂ ಹೋಯಿತು. ಹಿಂದೆ ಅಚ್ಚ ನೀಲಿ ಆಕಾಶ ಬಂತು. ಮಗಳು ಬಂದವಳು ಅದರ ಮುಂದೆ ಬಹಳ ಹೊತ್ತು ನಿಂತಳು.

"ಚೆನ್ನಾಗಿದೆ ಅಪ್ಪಾ. ಆದ್ರೆ ಅಮ್ಮ ಎಲ್ಲಿ?"

ಮೋಡಣ್ಣ ಕಪಾಟಿನಿಂದ ಹಳೆಯ ಆಲ್ಬಮ್ ಇಳಿಸಿದರು. ತೆರೆದು ನೋಡಿದರೆ ಹಳೆಯ ಪ್ರಿಂಟುಗಳನ್ನೂ ಬಿಡುವಾದಾಗಲೆಲ್ಲ ತಿದ್ದಿ ಹೊಸದಾಗಿ ಹಾಕಿಸಿದ್ದ ಪುಣ್ಯಾತ್ಮರು ಅವರೇ. ತಾವು ಕೈಯಾಡಿಸದ ಹೆಂಡತಿ ಒಂದಿಷ್ಟಾದರೂ ಬೇಕು, ಎಷ್ಟು ಚಿಕ್ಕದಾದರೂ ಸರಿ ಅನ್ನಿಸತೊಡಗಿತು. ಆಗ ನೆನಪಾದದ್ದು ಆ ಬೆರಳು. ಮುನ್ನೂರ ಹನ್ನೆರಡು ಆಕಾಶಗಳನ್ನು ಒಂದೊಂದಾಗಿ ತೆರೆದು ಮೂಲೆ ಹುಡುಕಿದರು. ಎಲ್ಲೂ ಒಂದು ಕಲೆಯಿಲ್ಲ. ಇಷ್ಟು ನೀಟಾಗಿ ಕೆಲಸ ಮಾಡಿದವನನ್ನು ಮೋಡಣ್ಣ ಜೀವಮಾನದಲ್ಲಿ ಮೊದಲ ಸಲ ಬಾಯಿಗೆ ಬಂದಂತೆ ಬೈದರು.

ಮುನ್ನೂರ ಹನ್ನೆರಡನೆಯದನ್ನು ಮುಚ್ಚುವಾಗ ನಮ್ಮ ರಸ್ತೆಯ ಟೈಲರ್ ನೆನಪಾದ.

ಆರು ವರ್ಷದ ಹಿಂದೆ ಟೈಲರನ ಮದುವೆ ಫೋಟೋಗೆ ಹೊಸ ಆಕಾಶ ಕೂರಿಸಿ ಕರೆಂಟು ಹೋಗುವುದರೊಳಗೆ ಮುಗಿಸುವ ಅವಸರದಲ್ಲಿ ಬೆರಳು ಒರೆಸುವುದೇ ಮರೆತುಹೋಗಿತ್ತು. ಆಮೇಲೆ ಕಂಪ್ಯೂಟರಿನಲ್ಲಿದ್ದ ಆ ಆಕಾಶವನ್ನೂ ಒರೆಸಿಯಾಗಿತ್ತು; ಟೈಲರನ ಪ್ರಿಂಟು ಮಾತ್ರ ಹಾಗೆಯೇ ಉಳಿದಿತ್ತು. ಅಂದಿನಿಂದ ಅವನು ಕಂಡಲ್ಲೆಲ್ಲ, "ಮೋಡಣ್ಣ, ನಮ್ಮ ಆಕಾಶಕ್ಕೆ ಏನೋ ಗಾಯ ಆಗಿದೆಯಲ್ಲ" ಎಂದು ಚುಚ್ಚುವುದು, ಇವರು "ಮುಂದಿನ ವಾರ ಸರಿಮಾಡ್ತೀನಪ್ಪ" ಎಂದು ರಸ್ತೆಯ ಆ ಬದಿಗೆ ದಾಟುವುದು ನಡೆದೇ ಇತ್ತು. ಈಗ ಮೋಡಣ್ಣ ಕಾಲು ಎಳೆಯುತ್ತ ತಾವಾಗಿಯೇ ಅವನ ಅಂಗಡಿಗೆ ಹೋದರು.

ಇಸ್ತ್ರಿ ಮೇಜಿನ ಮೇಲುಗಡೆ ಫೋಟೋ ತೂಗುತ್ತಿತ್ತು. ಮೂಲೆಯಲ್ಲಿ ಬೆರಳು ಇತ್ತು.

"ದಾರಿ ತಪ್ಪಿ ಬಂದ್ರಾ?" ಎಂದ ಟೈಲರ್, ಬಾಯಲ್ಲಿದ್ದ ಗುಂಡುಸೂಜಿ ತೆಗೆದು.

"ಅದನ್ನ ಕೊಡು. ಸರಿ ಮಾಡಿ ತರ್ತೀನಿ."

"ಅಬ್ಬಾ, ಮುಂದಿನ ವಾರ ಕೊನೆಗೂ ಬಂತು" ಎನ್ನುತ್ತ ಅವನು ಸ್ಟೂಲು ಹತ್ತಿ ಫ್ರೇಮು ಇಳಿಸಿ, ಕತ್ತರಿಸಿದ ಬಟ್ಟೆಯ ಚೂರಿನಿಂದ ಧೂಳು ಒರೆಸಿ ಕೊಟ್ಟ.

ಮೋಡಣ್ಣ ಅದನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಹಾಕಿಕೊಂಡರು. ಉಗುರು ಕಂಡೀತು, ತರಕಾರಿ ಹೆಚ್ಚುವಾಗ ಕೊಯ್ದುಕೊಂಡಿದ್ದ ಗೆರೆ ಕಂಡೀತು ಎಂದು ಮೂಲೆಯನ್ನು ದೊಡ್ಡದು ಮಾಡಿದರು. ಮಾಡಿದಷ್ಟೂ ಆಕೆ ಕೆಂಪು ಕೆಂಪು ಚೌಕಗಳಾಗಿ ಚೆದುರಿಹೋದರು. ಮತ್ತೆ ಚಿಕ್ಕದು ಮಾಡಿದರೆ ಮೂಲೆಯಲ್ಲಿ ಬಂದು ಕೂತರು. ಅಷ್ಟು ದೂರದಿಂದ ನೋಡಿದರೆ ಮಾತ್ರ ಇದ್ದರು. ಮೋಡಣ್ಣ ಅದನ್ನು ಎರಡು ಬೇರೆ ಬೇರೆ ಕಡೆ ಸೇವ್ ಮಾಡಿದರು.

ಇನ್ನು ಉಳಿದದ್ದು ಟೈಲರನ ಪ್ರತಿ. ಪಕ್ಕದ ನೀಲಿಯನ್ನು ಎಳೆದು ತಂದು ಮುಚ್ಚಬೇಕು. ಒಂದು ನಿಮಿಷದ ಕೆಲಸ. ಹತ್ತು ದಿನ ದಿನವೂ ಕೂತರು. ಕೈ ಏಳಲಿಲ್ಲ. ಹನ್ನೊಂದನೆಯ ದಿನ ಫ್ರೇಮನ್ನು ಹಾಗೆಯೇ ಕಂಕುಳಲ್ಲಿಟ್ಟುಕೊಂಡು ಹೋಗಿ ಕೊಟ್ಟರು.

ಟೈಲರ್ ಕನ್ನಡಕ ಏರಿಸಿ ಮೂಲೆ ನೋಡಿದ. ಮೋಡಣ್ಣನ ಮುಖ ನೋಡಿದ. ಸ್ಟೂಲು ಹತ್ತಿ ಫ್ರೇಮನ್ನು ಮೊದಲಿನ ಮೊಳೆಗೇ ತೂಗುಹಾಕಿದ.

"ಹೋಗ್ಲಿ ಬಿಡಿ, ಅಭ್ಯಾಸ ಆಗಿದೆ. ಆದ್ರೆ ಇದು ಯಾರದ್ದು ಅಂತಾದ್ರೂ ಹೇಳಿ ಮೋಡಣ್ಣ."

ಹೆಂಡತಿ ಕಲಿಸಿಕೊಟ್ಟಿದ್ದ ಉತ್ತರ ಅವರ ನಾಲಿಗೆಯ ತುದಿಗೆ ಬಂದಿತ್ತು.

"ಮುಂದಿನ ವಾರ ಹೇಳ್ತೀನಪ್ಪ" ಎಂದು ಮೋಡಣ್ಣ ರಸ್ತೆಯ ಆ ಬದಿಗೆ ದಾಟಿದರು.