ಮಾವನವರ ಕಟ್ಟೆಗೆ ಒಂದು ಕಡಕ್ ಸಿಗಾರು

ನನ್ನ ಷಡ್ಡಕ ಮೊದಲ ಸಲ ಸಿಗಾರು ತಂದಾಗ ನಾನು ಮಾವನವರ ಕುರಿಗಳಿಗೆ ಜಂತಿನ ಔಷಧ ಕುಡಿಸುತ್ತಿದ್ದೆ. ಒಂದೊಂದೇ ಕುರಿಯ ಬಾಯಿ ಅಗಲಿಸಿ, ನಾಲಿಗೆಯ ಹಿಂದಕ್ಕೆ ಔಷಧ ಬಿಟ್ಟು, ಅದು ಉಗುಳದಂತೆ ಗದ್ದ ಹಿಡಿದು ನಿಲ್ಲುವ ಕೆಲಸ. ಅಂಗಿಯೆಲ್ಲ ಜೊಲ್ಲು. ಅಷ್ಟರಲ್ಲಿ ಹೊಸಪೇಟೆ ಕಡೆಯಿಂದ ಬೈಕಿನಲ್ಲಿ ಬಂದ ಈ ಮಹಾಶಯ ನೇರ ಕಟ್ಟೆಗೆ ಹೋಗಿ, ಮಾವನವರ ಕಂಬಳಿಯ ಮೇಲೆ, ಅವರ ತೊಡೆಗೆ ತೊಡೆ ತಾಗಿಸಿ ಕೂತ. ಜೇಬಿನಿಂದ ಹೆಬ್ಬೆರಳಿಗಿಂತ ದಪ್ಪನೆಯದೇನನ್ನೋ ತೆಗೆದ.

"ಮಾವಾ, ಇದನ್ನ ಸೇದಿ ನೋಡು. ಹೊರದೇಶದ್ದು."

"ತಾ ಲೇ, ನೋಡಾನ," ಎಂದರು ಮಾವನವರು.

ಅವನು ನನ್ನ ಹೆಂಡತಿಯ ತಂಗಿಯ ಗಂಡ. ಹೊಸಪೇಟೆಯ ಹತ್ತಿರ ಪ್ರವಾಸಿಗರು ಇಳಿದುಕೊಳ್ಳುವ ದೊಡ್ಡ ಹೋಟೆಲೊಂದರಲ್ಲಿ ಸೂಪರ್‌ವೈಸರ್. ಅಲ್ಲಿಗೆ ಬರುವ ಪರದೇಶದವರು ಹೋಗುವಾಗ ಇವನ ಕೈಗೆ ಏನಾದರೂ ಇಟ್ಟು ಹೋಗುತ್ತಾರೆ. ಆ ದಿನ ಇಟ್ಟದ್ದು ಸಿಗಾರು. ಮಾವನವರ ಸಿಗಾರಿಗೆ ಬೆಂಕಿ ಹಚ್ಚಿಕೊಟ್ಟು, ಅದೇ ಕಡ್ಡಿಯಲ್ಲಿ ತನ್ನದನ್ನೂ ಹಚ್ಚಿಕೊಂಡ. ಮಾವನ ಎದುರು! ಮುಖದ ಮೇಲೇ ಹೊಗೆ ಬಿಟ್ಟ. ಮಾವನವರು ಬೈಯುತ್ತಾರೆಂದು ನಾನು ಕುರಿಯ ಗದ್ದ ಹಿಡಿದೇ ಕಾದೆ. ಅವರು ಕೆಮ್ಮಿದರು, ನಕ್ಕರು, ಅವನ ಬೆನ್ನಿಗೊಂದು ಗುದ್ದಿದರು.

ನಮ್ಮ ಕಡೆ ಹಿರಿಯರ ಮುಂದೆ ಯಾರೂ ಹೊಗೆ ಬಿಡುವುದಿಲ್ಲ. ಮೀಸೆ ಹಣ್ಣಾದವರೂ ಅಣ್ಣ ಬಂದನೆಂದರೆ ಬೀಡಿಯನ್ನು ಅಂಗೈಯಲ್ಲಿ ಮುಚ್ಚಿಕೊಂಡು ಕೈ ಸುಟ್ಟುಕೊಳ್ಳುತ್ತಾರೆ. ಮಾವನೆಂದರೆ ಕೇಳುವುದೇ ಬೇಡ. ಮದುವೆಯಾದಂದಿನಿಂದ ನಾನು ಅವರ ಮುಂದೆ ಕಾಲ ಮೇಲೆ ಕಾಲು ಹಾಕಿ ಕೂತವನಲ್ಲ. ನಾನು ಪಶು ಆಸ್ಪತ್ರೆಯ ನೌಕರ. ಇವರ ಕುರಿಗಳಿಗೆ ಲಸಿಕೆ ಹಾಕಲು ಕಾನಹೊಸಹಳ್ಳಿ ಕಡೆಯ ಈ ಊರಿಗೆ ಬಂದವನೇ ಅಳಿಯನಾದೆ. ಇಂದಿಗೂ ನನ್ನನ್ನು ಅವರು 'ಸಾಹೇಬ್ರ' ಎಂದೇ ಕರೆಯುತ್ತಾರೆ. ನಾನು ಬಂದರೆ ಒಳಗಿನಿಂದ ಪ್ಲಾಸ್ಟಿಕ್ ಕುರ್ಚಿ ಬರುತ್ತದೆ, ಅತ್ತೆ ಅದನ್ನು ಸೆರಗಿನಿಂದ ಒರೆಸುತ್ತಾರೆ. ಅವನಿಗೆ ಕಂಬಳಿ, ನನಗೆ ಕುರ್ಚಿ.

ಮರ್ಯಾದೆ ಸಿಕ್ಕಿತಲ್ಲ, ಇನ್ನೇನು ಬೇಕು ಎಂದು ನೀವು ಕೇಳಬಹುದು. ನನಗೆ ಬೇಕಾದದ್ದು ಆ ಗುದ್ದು. ನನ್ನ ತಂದೆ ನಾನು ಬುದ್ಧಿ ಬಲಿಯುವ ಮೊದಲೇ ಹೋದರು. ಗಂಡಸೊಬ್ಬ ನನ್ನನ್ನು ಪ್ರೀತಿಯಿಂದ 'ಲೇ' ಎಂದದ್ದು ನೆನಪಿಲ್ಲ. ಅದನ್ನೀಗ ನಿನ್ನೆ ಮೊನ್ನೆ ಬಂದ ಕಿರಿಯ ಅಳಿಯ ಬಿಟ್ಟಿಯಾಗಿ ಪಡೆಯುತ್ತಿದ್ದ. ಹೊಟ್ಟೆ ಉರಿಯಿತು. ಸುತ್ತಿ ಬಳಸಿ ಹೇಳುವುದೇಕೆ, ಬೆಂಕಿ ಬಿದ್ದ ಹಾಗೆಯೇ ಉರಿಯಿತು.

"ಸಾಹೇಬ್ರ, ಸಾಕು ಬಿಡ್ರಿ, ಕೈ ತೊಳ್ಕೊಂಡು ಚಾ ಕುಡೀರಿ," ಎಂದರು ಮಾವನವರು ಹೊಗೆಯೊಳಗಿನಿಂದ.

ನಾವಿರುವ ಕೊಟ್ಟೂರಿಗೆ ಮರಳುವ ಬಸ್ಸಿನಲ್ಲಿ ಹೆಂಡತಿ ಕೇಳಿದಳು: "ಯಾಕ್ರಿ, ಮುಖ ಗಂಟು ಹಾಕ್ಕೊಂಡೀರಿ?"

"ಬಿಸಿಲು," ಎಂದೆ.

ಆಮೇಲೆ ಅವನು ಬಂದಾಗಲೆಲ್ಲ ಸಿಗಾರೂ ಬಂತು. ನನ್ನ ಪುಣ್ಯಕ್ಕೆ ಒಂದು ಸಲ ಮಾವನವರು ಅತ್ತೆಗೆ ಹೇಳುತ್ತಿದ್ದ ಮಾತು ಕಿವಿಗೆ ಬಿತ್ತು. "ಸಣ್ಣಾತ ತರೋದು ಚಲೋ ಐತಿ, ಖರೆ ಭಾಳ ಸಪ್ಪಗೈತಿ. ನನ್ನ ಚುಟ್ಟಾದ ಮುಂದ ಅದು ಮಜ್ಜಿಗಿ ನೀರು." ಮಾವನವರು ಹರೆಯದಿಂದಲೂ ನಾಟಿ ಹೊಗೆಸೊಪ್ಪಿನ ಚುಟ್ಟಾ ಸೇದಿದವರು. ಅವರ ಗಂಟಲಿಗೆ ಆ ನಯನಾಜೂಕಿನ ಸಿಗಾರು ಎಲ್ಲಿಂದ ತಾಗಬೇಕು? ಆ ದಿನ ನನಗೆ ಊಟ ರುಚಿಸಿತು. ಅವನು ಸಪ್ಪನೆಯದು ತಂದರೆ ನಾನು ಕಡಕ್ ಆದದ್ದು ತರುತ್ತೇನೆ. ತಂದು, ಅದೇ ಕಟ್ಟೆಯ ಮೇಲೆ, ಅವರ ಎದುರು ಕೂತು ಸೇದುತ್ತೇನೆ. ಕಿರಿಯವನಿಗೆ ನಡೆಯುವುದು ಹಿರಿಯವನಿಗೇಕೆ ನಡೆಯಬಾರದು?

ತೊಂದರೆಯೆಂದರೆ ನನಗೆ ಸಿಗಾರಿನ ಗಂಧಗಾಳಿ ಇರಲಿಲ್ಲ. ಓದುವ ದಿನಗಳಲ್ಲಿ ಕದ್ದು ಸೇದಿದ ಬೀಡಿಯೇ ನನ್ನ ಬಂಡವಾಳ. ಹೊಸಪೇಟೆಯಲ್ಲಿ ಹುಡುಕಿ ಒಂದು ಸಿಗಾರು ಕೊಂಡು, ಕೊಟ್ಟೂರು ಕೆರೆಯ ಆಚೆ ಜಾಲಿ ಮರಗಳ ನಡುವೆ ಕೂತು ಹಚ್ಚಿದೆ. ಬೀಡಿಯನ್ನು ಎಳೆಯುವ ಹಾಗೆ ಎದೆಯ ತಳದವರೆಗೂ ಎಳೆದೆ. ಸಿಗಾರಿನ ಹೊಗೆಯನ್ನು ಬಾಯಲ್ಲಿ ಹೊರಳಾಡಿಸಿ ಬಿಡಬೇಕು, ನುಂಗಬಾರದು ಎಂದು ಹೇಳುವವರಾರು? ತಲೆ ಗಿರ್ರೆಂದಿತು. ಬೆಳಗಿನ ಮಂಡಕ್ಕಿ, ಮೆಣಸಿನಕಾಯಿ ಎಲ್ಲ ಹೊರಬಂದವು. ಮುಂಗಾಲೆತ್ತಿ ಜಾಲಿ ಸೊಪ್ಪು ತಿನ್ನುತ್ತಿದ್ದ ಮೇಕೆಯೊಂದು ಮೇಯುವುದು ಬಿಟ್ಟು ನನ್ನನ್ನೇ ನೋಡಿತು.

"ಏನ್ರಿ ಇದು ವಾಸನಿ?" ಎಂದಳು ಹೆಂಡತಿ, ಬಾಗಿಲಲ್ಲೇ.

"ಆಸ್ಪತ್ರ್ಯಾಗ ಸೊಳ್ಳಿ ಭಾಳ ಆಗಿದ್ವು. ದನಕ್ಕ ಹೊಗಿ ಹಾಕಿದ್ವಿ."

"ದನ ಬಿಟ್ಟು ನಿಮಗ ಹಾಕ್ಯಾರೇನು?"

ಛಲ ಬಂತು. ಫೋನಿನಲ್ಲಿ ಸಿಗಾರಿನ ವಿಡಿಯೋಗಳನ್ನು ನೋಡತೊಡಗಿದೆ. ದನದ ಗರ್ಭಧಾರಣೆಯ ಪಾಠವನ್ನೂ ನಾನು ಅಷ್ಟು ಶ್ರದ್ಧೆಯಿಂದ ಓದಿರಲಿಲ್ಲ. ಆದರೂ ಎರಡನೆಯ ಸಲವೂ ಮೋಸಹೋದೆ. ಕರಿಬೆಲ್ಲದ ಬಣ್ಣದ, ಎಣ್ಣೆ ಹಚ್ಚಿದಂತೆ ಹೊಳೆಯುವ ಒಂದನ್ನು ಆರಿಸಿದೆ. ಇಷ್ಟು ಕಪ್ಪಗಿದೆಯೆಂದರೆ ಇದರಪ್ಪನಂಥ ಕಡಕ್ ಇನ್ನೊಂದಿರಲಾರದು ಎಂದುಕೊಂಡು. ಸೇದಿದರೆ ಸಿಹಿಸಿಹಿ. ಮಾವನವರು ಇದನ್ನೂ ಮಜ್ಜಿಗೆ ನೀರೆಂದೇ ಅನ್ನುತ್ತಿದ್ದರು. ಮೆಣಸಿನಕಾಯಿ ನಾಡಿನವನಾಗಿ ನನಗಿದು ಮೊದಲೇ ಹೊಳೆಯಬೇಕಿತ್ತು. ಬ್ಯಾಡಗಿ ಮೆಣಸಿನಕಾಯಿಗೆ ಎಷ್ಟು ಬಣ್ಣ, ಖಾರ ಎಲ್ಲಿದೆ? ಸಿಗಾರಿನ ಹೊರಗಿನ ಸುತ್ತೆಲೆಯೂ ಅಂಥದ್ದೇ. ಒಳಗೆ ಯಾವ ಎಲೆ ತುಂಬಿದ್ದಾರೆ ಎಂಬುದರಲ್ಲಿದೆ ಗುಟ್ಟು. ಗಿಡದ ತುದಿಯಲ್ಲಿ ಬಿಸಿಲು ಕುಡಿದು ಬೆಳೆದ ಎಲೆ ಗಡುಸು, ಬುಡದ ಎಲೆ ಮೆತ್ತಗೆ. ಇನ್ನೂ ಒಂದು ವಿಷಯ ತಿಳಿಯಲು ಹೆಚ್ಚು ಕಾಲ ಹಿಡಿಯಿತು. ತಲೆಗೆ ಹೊಡೆಯುವುದು ಬೇರೆ, ಬಾಯಿ ತುಂಬುವುದು ಬೇರೆ. ಕೆಲವು ಬರೀ ಹೊಡೆಯುತ್ತವೆ, ರುಚಿಯಿಲ್ಲ. ಕೆಲವುಗಳ ಹೊಗೆ ಕೆನೆಗಟ್ಟಿದ ಹಾಲಿನಂತೆ ದಪ್ಪಗೆ ನಾಲಿಗೆಯ ಮೇಲೆ ನಿಲ್ಲುತ್ತದೆ, ತಲೆ ತಣ್ಣಗಿರುತ್ತದೆ. ಮಾವನವರಿಗೆ ಎರಡೂ ಇದ್ದದ್ದು ಬೇಕು, ನಾನು ಮಾತ್ರ ಅವರ ಮುಂದೆ ಕಕ್ಕಿಕೊಳ್ಳಬಾರದು.

ಇಲಾಖೆಯ ತರಬೇತಿಗೆಂದು ಬೆಂಗಳೂರಿಗೆ ಹೋದಾಗ ಸಿಗಾರಿನ ದೊಡ್ಡ ಅಂಗಡಿಗೇ ಹೋದೆ. ಗಾಜಿನ ಕೋಣೆ, ಒಳಗೆ ಒದ್ದೆ ಕಟ್ಟಿಗೆಯ ವಾಸನೆ. ಅಂಗಡಿಯವನು ನನ್ನ ಚಪ್ಪಲಿಯಿಂದ ಶುರುಮಾಡಿ ಮೇಲಕ್ಕೆ ನೋಡಿ, "ಹೊಸಬರಾ ಸರ್? ಹಾಗಿದ್ರೆ ಮೈಲ್ಡ್ ತಗೊಳ್ಳಿ," ಎಂದ.

"ಮೈಲ್ಡ್ ಸೇದೋರು ಬ್ಯಾರೆ ಅದಾರ. ನನಗ ಬಾಯಿ ತುಂಬೋ ಕಡಕ್ ಬೇಕು," ಎಂದೆ. ದನಿ ಸ್ವಲ್ಪ ಜೋರಾಗಿಯೇ ಬಂದಿರಬೇಕು.

ಅವನು ಒಂದೊಂದಾಗಿ ತೋರಿಸಿದ, ನಾನು ಒಂದೊಂದಾಗಿ ಮೂಸಿದೆ, ಮೆತ್ತಗೆ ಒತ್ತಿದೆ. ಕೊನೆಗೆ ಆರಿಸಿದ್ದು ಕಡುಕಂದು ಬಣ್ಣದ, ಗಿಡ್ಡನೆಯ, ಒಳಗೆ ತುದಿಯೆಲೆ ಬೆರೆಸಿದ ಸಿಗಾರು. ಉದ್ದನೆಯದು ಹೊಸಬನಿಗೆ ಕೊನೆಕೊನೆಗೆ ಘಾಟಾಗುತ್ತದೆ. ಗಿಡ್ಡನೆಯದಾದರೆ ತಾಕತ್ತು ಅದೇ, ಒದ್ದಾಟ ಕಡಿಮೆ. ಹೊಟ್ಟೆ ತುಂಬ ಉಂಡ ಮೇಲೆ ಸೇದಿ, ಅವಸರ ಮಾಡಬೇಡಿ, ತಲೆ ತಿರುಗಿದರೆ ಏನಾದರೂ ಸಿಹಿ ತಿನ್ನಿ ಎಂದ ಅಂಗಡಿಯವನು. ಕೆಲವನ್ನು ಕೊಂಡೆ. ಬೆಲೆ ಬರೆಯುವುದಿಲ್ಲ, ಇದನ್ನು ನನ್ನ ಹೆಂಡತಿಯೂ ಓದುತ್ತಾಳೆ.

ನಮ್ಮ ಕಡೆಯ ಒಣಹವೆಗೆ ಆ ಎಲೆ ಬಿರಿದು ಉದುರಿಹೋಗುತ್ತದೆ. ಹಡಗಲಿಯ ಮಲ್ಲಿಗೆ ಮಾರುವವರು ಹೂವನ್ನು ಒದ್ದೆ ಬಟ್ಟೆ, ಬಾಳೆಲೆಯಲ್ಲಿ ಸುತ್ತಿ ತಣ್ಣಗಿಡುತ್ತಾರಲ್ಲ, ಹಾಗೆಯೇ ಸ್ಟೀಲಿನ ಡಬ್ಬಿಯಲ್ಲಿ ತೇವದ ಬಟ್ಟೆಯಿಟ್ಟು ಕಾಪಾಡಿದೆ. ಒಂದನ್ನು ಕೆರೆಯ ಆಚೆ ಕೂತು ಸೇದಿ ನೋಡಿದೆ. ಮೊದಲು ಮೆಣಸಿನ ಚುರುಕು, ನಡುವೆ ಹುರಿದ ಶೇಂಗಾದ ಸಿಪ್ಪೆಯ ಘಮ, ಆಮೇಲೆ ಬಾಯಿತುಂಬ ಹೊಗೆ. ಮೈ ಬೆಚ್ಚಗಾಯಿತು, ತಲೆ ನೆಟ್ಟಗಿತ್ತು. ನಿಜ ಹೇಳಬೇಕೆಂದರೆ ಅಷ್ಟು ಹೊತ್ತು ಷಡ್ಡಕನ ನೆನಪೇ ಬರಲಿಲ್ಲ. ಮುಗಿದ ಕೂಡಲೇ ಬಂತು.

ಅವನಿಗೆ ಭಾನುವಾರ ಹೋಟೆಲಿನಿಂದ ಬಿಡುವಿಲ್ಲವೆಂದು ನನಗೆ ಗೊತ್ತು. ಬೇಕೆಂದೇ ಭಾನುವಾರ ಹೋದೆ. ಅತ್ತೆ ಮಾಂಸದ ಸಾರು, ಜೋಳದ ರೊಟ್ಟಿ ಮಾಡಿದ್ದರು. ಅಂಗಡಿಯವನ ಮಾತು ನೆನೆದು ಗಟ್ಟಿಯಾಗಿ ಉಂಡೆ. ಮಾವನವರು ಕಟ್ಟೆಗೆ ಬಂದು ಕಂಬಳಿಯ ಮೇಲೆ ಕೂತರು. ಒಳಗಿನಿಂದ ಕುರ್ಚಿ ಬಂತು.

"ಬ್ಯಾಡ್ರಿ," ಎಂದು ನಾನೂ ಕಟ್ಟೆಯ ಮೇಲೇ ಕೂತೆ. ಡಬ್ಬಿಯಿಂದ ಒಂದು ಸಿಗಾರು ತೆಗೆದು ಎರಡೂ ಕೈಯಿಂದ ಅವರಿಗೆ ಕೊಟ್ಟೆ. "ಮಾವಾರ, ಇದು ನಿಮಗಂತ ತಂದೀನ್ರಿ. ಸಪ್ಪಂದಲ್ರಿ."

ಅವರು ಮೂಸಿದರು. ಹುಬ್ಬು ಮೇಲೇರಿತು. ಕಡ್ಡಿ ಗೀರಿ ಹಚ್ಚಿಕೊಂಡರು. ಎಷ್ಟೋ ದಿನದಿಂದ ಕಾದಿದ್ದ ಗಳಿಗೆ ಅದು. ನಾನೂ ಇನ್ನೊಂದನ್ನು ತೆಗೆದೆ.

"ನೀವೂ ಸೇದ್ತೀರೇನ್ರಿ ಸಾಹೇಬ್ರ?"

"ಈಚೀಗೆ ಸುರು ಮಾಡೀನ್ರಿ."

ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ನಗುವೂ ಇರಲಿಲ್ಲ. "ಸೇದ್ರಿ ಸೇದ್ರಿ, ಅದಕ್ಕೇನಾತು," ಎನ್ನುತ್ತಾ ಕಂಬಳಿಯನ್ನು ಎಳೆದುಕೊಂಡು ಕುರಿ ದೊಡ್ಡಿಯ ಕಡೆಗೆ ಮುಖ ಮಾಡಿ, ನನಗೆ ಬೆನ್ನು ಕೊಟ್ಟು ಕೂತರು.

ನಮ್ಮಲ್ಲಿ ಅದು ಅವಮಾನವಲ್ಲ, ಮರ್ಯಾದೆ. ಒಬ್ಬರ ಮುಂದೊಬ್ಬರು ಸೇದಬಾರದವರು ಒಂದೇ ಕಡೆ ಕೂತು ಸೇದಬೇಕಾಗಿ ಬಂದರೆ ಹೀಗೆ ಬೆನ್ನಿಗೆ ಬೆನ್ನು ಮಾಡಿಕೊಳ್ಳುತ್ತಾರೆ, ನೋಡದಿದ್ದರೆ ಸೇದಿದಂತಲ್ಲ. ಕಿರಿಯವರು ತಿರುಗುವುದು ರೂಢಿ. ಆವತ್ತು ಮಾವನವರೇ ತಿರುಗಿದರು. ವಿಧಿಯಿಲ್ಲದೆ ನಾನೂ ರಸ್ತೆಯ ಕಡೆ ತಿರುಗಿ ಹಚ್ಚಿಕೊಂಡೆ. ಹೀಗೆ ಒಂದೇ ಕಟ್ಟೆಯ ಮೇಲೆ ಅವರು ಕುರಿಗಳನ್ನು ನೋಡುತ್ತಾ, ನಾನು ಹೋಗಿಬರುವ ಟ್ರ್ಯಾಕ್ಟರು ನೋಡುತ್ತಾ ಸೇದಿದೆವು. ಅವರ ಹೊಗೆ ಮಾತ್ರ ಆಗಾಗ ನನ್ನ ಹೆಗಲ ಮೇಲಿಂದ ಈಚೆ ಬರುತ್ತಿತ್ತು. ನನಗೆ ಅಳು ಬರುವಷ್ಟು ಸಿಟ್ಟು ಬಂದಿತ್ತು. ಅವನು ಮುಖಕ್ಕೇ ಹೊಗೆ ಬಿಟ್ಟರೂ ನಗುವವರು ನನಗೇಕೆ ಈ ಹಾಳು ಮರ್ಯಾದೆ ಕೊಡಬೇಕು?

ಸಿಗಾರು ಅರ್ಧ ಉರಿದಾಗ ಬೆನ್ನ ಹಿಂದಿನಿಂದ ಮಾತು ಬಂತು.

"ಕಡಕ್ ಐತ್ರಿ. ಇಷ್ಟು ದಿನಕ್ಕ ಬಾಯಿ ತುಂಬ ಹೊಗಿ ಬಂತು ನೋಡ್ರಿ."

ಸಿಟ್ಟೆಲ್ಲ ಇಳಿದುಹೋಯಿತು. ಗೆದ್ದೆ ಎನಿಸಿತು. ಬೆನ್ನು ತಿರುಗಿಸಿ ಕೂತರೇನು, ನಾನು ತಂದದ್ದು ಅವರ ಬಾಯಿಗೆ ತಾಗಿತ್ತು, ಅವನದು ತಾಗಿರಲಿಲ್ಲ.

"ಇನ್ನೊಂದು ಇದ್ರ ಕೊಡ್ರಿ," ಎಂದು ಮಾವನವರು ತಿರುಗದೆಯೇ ಕೈಯನ್ನು ಹಿಂದಕ್ಕೆ ಚಾಚಿದರು.

ಖುಷಿಯಲ್ಲಿ ಡಬ್ಬಿಯ ಮುಚ್ಚಳ ತೆಗೆದೆ. "ನಾಳಿಗೆ ಸೇದ್ತೀರೇನ್ರಿ?"

"ಅಲ್ರೀ, ಸಣ್ಣಾತಗ ಇಡ್ತೀನಿ. ಬರೇ ಸಪ್ಪಂದು ಸೇದ್ತಾನ, ಹುಚ್ಚು ಮುಂಡೇದು. ಅವಂಗೂ ರುಚಿ ಗೊತ್ತಾಗ್ಲಿ."

ಚಾಚಿದ ಅಂಗೈ ಹಾಗೆಯೇ ಇತ್ತು. ಅದರ ಮೇಲೆ ಇಟ್ಟೆ. ಅವರು ಅದನ್ನು ಒಳಂಗಿಯ ಜೇಬಿನಲ್ಲಿ, ಮುರಿಯದ ಹಾಗೆ, ಮೆಲ್ಲಗೆ ಇಳಿಸಿಕೊಂಡರು.