ಸೀರೆ ತುರುಕಿದ ಕಿಟಕಿ

ಸೀಮೆಎಣ್ಣೆಯ ವಾಸನೆ ಮೂಗಿಗೆ ಬಡಿದು ಎಷ್ಟೋ ವರ್ಷಗಳಾಗಿದ್ದವು. ಹೋದ ಚಳಿಗಾಲ ಮಗಳ ಬಾಣಂತನಕ್ಕೆಂದು ಅಮೆರಿಕದ ಫ್ರೀಮಾಂಟಿನ ಅವಳ ಮನೆಯಲ್ಲಿದ್ದೆ. ಕರೆಂಟು ಹೋದಾಗ ಇರಲಿ ಎಂದು ತಂದಿದ್ದ ಹೀಟರನ್ನು ಅಳಿಯ ಗರಾಜಿನಲ್ಲಿ ಹಚ್ಚಿ ನೋಡುತ್ತಿದ್ದ. ವಾಸನೆ ಅಡುಗೆಮನೆಗೆ ಬಂದದ್ದೇ ತಡ, ನನ್ನ ಕೈಯಲ್ಲಿದ್ದ ಮೆಂತ್ಯದ ಹಿಟ್ಟಿನ ಬಟ್ಟಲು ನೆಲಕ್ಕೆ ಬಿತ್ತು. ನಿಮಗೂ ಇಂಥದ್ದೊಂದು ವಾಸನೆ ಇದ್ದೀತು.

ಆ ವಾಸನೆ ನನ್ನೊಳಗೆ ಕೂತಾಗ ನನಗೆ ಏಳು ವರ್ಷ, ಅರವತ್ತರ ದಶಕದ ಕೊನೆ. ಅಪ್ಪ ಬೆಂಗಳೂರು ಬಿಟ್ಟು ಉತ್ತರ ಇಂಗ್ಲೆಂಡಿನ ಉಣ್ಣೆ ಗಿರಣಿಯೊಂದರಲ್ಲಿ ಬಣ್ಣ ಹಾಕುವ ಕೆಲಸಕ್ಕೆ ಸೇರಿದ್ದ. ನೆಂಟರೆಲ್ಲ ಹೊಟ್ಟೆಕಿಚ್ಚು ಪಡುತ್ತಿದ್ದ ಆ ಇಂಗ್ಲೆಂಡಿನ ನಮ್ಮ ಮನೆಗೆ ಬಚ್ಚಲೇ ಇರಲಿಲ್ಲ. ಕಕ್ಕಸು ಹಿತ್ತಲಿನ ತುದಿಯಲ್ಲಿತ್ತು. ಸ್ನಾನಕ್ಕೆಂದು ತಗಡಿನ ತೊಟ್ಟಿಯೊಂದು ಗೋಡೆಯ ಮೊಳೆಗೆ ನೇತಾಡುತ್ತಿತ್ತು. ವಾರಕ್ಕೊಮ್ಮೆ ಅದನ್ನು ಬೆಂಕಿಯ ಮುಂದಿಟ್ಟು, ಒಂದೇ ನೀರಿನಲ್ಲಿ ಮೊದಲು ನಾನು, ಆಮೇಲೆ ಅಮ್ಮ, ಕೊನೆಗೆ ಅಪ್ಪ. ಬೆಳಗ್ಗೆ ಕಿಟಕಿಯ ಗಾಜಿನ ಒಳಮೈಯಲ್ಲೇ ಮಂಜು ಗಟ್ಟಿಯಾಗಿರುತ್ತಿತ್ತು. ನಾನು ಉಗುರಿನಿಂದ ಅದರ ಮೇಲೆ ನನ್ನ ಹೆಸರು ಬರೆಯುತ್ತಿದ್ದೆ.

ತಮ್ಮ ಹುಟ್ಟಿದಾಗ ಬಾಣಂತನ ಮಾಡಲು ಅಜ್ಜಿ ಮೈಸೂರಿನಿಂದ ಬಂದಳು. ಗಂಟಿನಲ್ಲಿ ಬಜೆ, ಒಣಶುಂಠಿ, ಸಾಂಬ್ರಾಣಿ, ಹಳೆಯ ಹತ್ತಿ ಸೀರೆಗಳು. "ಗಾಳಿ ತಾಕಿದ್ರೆ ಬಾಣಂತಿಗೆ ಸನ್ನಿ ಆಗುತ್ತೆ ಕಣೇ ಪುಟ್ಟಿ, ಎಲ್ಲೆಲ್ಲಿ ಸಂದಿ ಇದೆ ನೋಡು" ಎಂದಳು. ಸೀರೆ ಹರಿದು ಚಿಂದಿ ಮಾಡಿ ಕಿಟಕಿಗೆ, ಬಾಗಿಲ ಕೆಳಗೆ, ಕೋಣೆಯಲ್ಲಿದ್ದ ಹಳೆಯ ಹೊಗೆಗೂಡಿನ ಬಾಯಿಗೆ ತುರುಕಿದೆವು. ಕಿಟಕಿಯ ಕೊನೆಯ ಸಂದಿಗೆ ಅಜ್ಜಿಯ ಬೆರಳು ಹೋಗಲಿಲ್ಲ. ನನ್ನದು ಹೋಯಿತು. "ಜಾಣೆ" ಎಂದು ತಲೆ ಸವರಿ, ಸೀಮೆಎಣ್ಣೆಯ ಹೀಟರು ಹಚ್ಚಿದಳು. ಊರಿನ ಬಾಣಂತಿ ಕೋಣೆಯಲ್ಲಿ ಕೆಂಡ ಇಟ್ಟರೂ ಹೊಗೆ ಹೆಂಚಿನ ನಡುವಿನಿಂದ ಹೊರಗೆ ಹೋಗುತ್ತಿತ್ತು. ಇಲ್ಲಿ ಹೆಂಚಿಲ್ಲ ಎನ್ನುವುದು ಯಾರಿಗೂ ಹೊಳೆಯಲಿಲ್ಲ. ಮೂರನೆಯ ಬೆಳಗ್ಗೆ ಅಮ್ಮನಿಗೆ ತಲೆ ಎತ್ತಲಾಗಲಿಲ್ಲ. ಮಗು ಏಳಲೇ ಇಲ್ಲ. ಅದರ ಕೆನ್ನೆ ಕೆಂಪಗೇ ಇದ್ದದ್ದರಿಂದ ಬಹಳ ಹೊತ್ತು ನಾವು ನಂಬಲಿಲ್ಲ. ಇನ್ನೂ ಹೆಸರಿಟ್ಟಿರಲಿಲ್ಲ. ಬಂದ ಡಾಕ್ಟರು ಮೊದಲು ಕಿಟಕಿಯ ಚಿಂದಿಗಳನ್ನು ಕಿತ್ತೆಸೆದರು, ಆಮೇಲೆ ಹೀಟರಿನ ವಿಷಗಾಳಿ ಹೊರಹೋಗಲು ದಾರಿಯಿಲ್ಲದೆ ಹೀಗಾಯಿತು ಎಂದರು.

ಅಜ್ಜಿ ತಿಂಗಳೊಳಗೆ ಊರಿಗೆ ಹೊರಟುಹೋದಳು. ಎರಡು ವರ್ಷಕ್ಕೆ ಆ ಬೀದಿಯನ್ನೇ ಕೆಡವಿ ನಮಗೆಲ್ಲ ಸರ್ಕಾರಿ ಫ್ಲ್ಯಾಟು ಕೊಟ್ಟರು. ನಲ್ಲಿ ತಿರುಗಿಸಿದರೆ ಬಿಸಿನೀರು, ಮನೆಯೊಳಗೇ ಕಕ್ಕಸು, ಪ್ರತಿ ಕಿಟಕಿಯ ಕೆಳಗೂ ಬೆಚ್ಚಗಿನ ರೇಡಿಯೇಟರು. ಬೀದಿಯವರೆಲ್ಲ ಹಿಗ್ಗಿದರು. ಅಮ್ಮ ಮಾತ್ರ ಹಿಮ ಬೀಳುವಾಗಲೂ ಕಿಟಕಿ ತೆರೆದಿಡುತ್ತಿದ್ದಳು. "ಬೀದಿಗೆಲ್ಲ ಶಾಖ ಕೊಡ್ತೀಯೇನೇ?" ಎಂದು ಅಪ್ಪ ಒಮ್ಮೆ ಕೇಳಿದ. ಅಮ್ಮ ಎದ್ದು ಇನ್ನೊಂದು ಕಿಟಕಿಯನ್ನೂ ತೆರೆದಳು. ಅವನು ಮತ್ತೆಂದೂ ಕೇಳಲಿಲ್ಲ. ಆ ಕಾಲದಲ್ಲಿ ಜನರ ಬದುಕು ಸುಧಾರಿಸಿತು ಎನ್ನುತ್ತಾರೆ, ಸುಳ್ಳಲ್ಲ. ನಮ್ಮ ಪಾಲಿಗೆ ಎರಡು ವರ್ಷ ತಡವಾಗಿ ಸುಧಾರಿಸಿತು, ಅದಕ್ಕೆ ನನಗೆ ಇವತ್ತಿಗೂ ಸಿಟ್ಟಿದೆ. ಕೊನೆಯ ಸಂದಿ ಮುಚ್ಚಿದವಳು ನಾನೆಂದು ಅಮ್ಮನಿಗೆ ಹೇಳಲಿಲ್ಲ. ಹೇಳುವ ಧೈರ್ಯ ಬರುವಷ್ಟರಲ್ಲಿ ಅವಳೂ ತೀರಿಕೊಂಡಿದ್ದಳು.

ಫ್ರೀಮಾಂಟಿನಲ್ಲಿ ಆ ದಿನ ಅಳಿಯನಿಂದ ಹೀಟರು ಆರಿಸಿ ಹೊರಗೆ ಇಡಿಸಿದೆ. ಮಹಡಿಗೆ ಹೋಗಿ ಮೊಮ್ಮಗ ಮಲಗಿದ್ದ ಕೋಣೆಯ ಕಿಟಕಿ ಪೂರ್ತಿ ಸರಿಸಿದೆ. "ಅಮ್ಮಾ, ವಿಷದ ಗ್ಯಾಸ್ ಬಂದ್ರೆ ಹೊಡ್ಕೊಳ್ಳೋ ಅಲಾರ್ಮ್ ಇದೆಯಲ್ಲ, ಏನೂ ಆಗಲ್ಲ. ವಿಂಡೋ ಕ್ಲೋಸ್ ಮಾಡು, ಪಾಪುಗೆ ಕೋಲ್ಡ್ ಆಗತ್ತೆ" ಎಂದಳು ಮಗಳು. ಅವಳು ಹೇಳಿದ್ದು ಸರಿಯಾಗಿಯೇ ಇತ್ತು. ನಾನು ನಿಧಾನವಾಗಿ ಮುಚ್ಚುತ್ತ ಬಂದೆ. ಕೊನೆಯ ಒಂದು ಬೆರಳಷ್ಟು ಮುಚ್ಚಲು ಕೈ ಬರಲಿಲ್ಲ.